ಸೊಟ್ಟ ಬುಟ್ಟಿ

ಏಳನೆಯ ಕ್ಲಾಸಿನ ಸುಪ್ರೀತಾಳ ಪ್ರಾಜೆಕ್ಟುಗಳಿಗೆ ಎ ಗ್ರೇಡಿಗಿಂತ ಕಡಿಮೆ ಬಂದದ್ದೇ ಇಲ್ಲ. ಬರುವುದಾದರೂ ಹೇಗೆ? ಅವನ್ನೆಲ್ಲ ಮಾಡುತ್ತಿದ್ದವನು ನಲವತ್ತೊಂಬತ್ತು ವರ್ಷದ ಉಗ್ಗಪ್ಪ, ಅವಳ ಅಪ್ಪ. ಅಬುಧಾಬಿಯಲ್ಲಿ ವಸ್ತುಪ್ರದರ್ಶನದ ಮಳಿಗೆ ಕಟ್ಟುವ ಕಂಪೆನಿಯಲ್ಲಿ ಹದಿನಾಲ್ಕು ವರ್ಷ ಮರಗೆಲಸ ಮಾಡಿ ಪಳಗಿದ ಕೈ ಅದು. ಮೂರನೆಯ ಕ್ಲಾಸಿಗೆ ಅವನು ಕಟ್ಟಿಕೊಟ್ಟ ಥರ್ಮೋಕೋಲಿನ ಹೆಂಚಿನ ಮನೆಗೆ ತೆರೆದು ಮುಚ್ಚುವ ಬಾಗಿಲಿತ್ತು. ಉಳಿದ ಮಕ್ಕಳ ಮನೆಗಳ ಮಾಡು ಬೀಳದೆ ನಿಂತದ್ದೇ ದೊಡ್ಡದು.

ಸೊಂಟ ಕೈಕೊಟ್ಟು ಅವನು ತನ್ನೂರು ಕಾರಡ್ಕಕ್ಕೆ ಮರಳಿದಾಗ ಸುಪ್ರೀತಾಳ ಪಾಲಿಗೆ ಅವನು ಫೋನಿನೊಳಗಿನ ಮನುಷ್ಯ. ಎದುರಾದರೆ ತಾಯಿ ದಮಯಂತಿಯ ಹಿಂದೆ ಸರಿದು ನಿಲ್ಲುತ್ತಿದ್ದಳು. ಮಗ ವಿಜೇತ್‌ಗೆ ಆಗಲೇ ಮೀಸೆ ಮೂಡಿತ್ತು. ಅಪ್ಪನಿಲ್ಲದೆ ಅವನು ಬೆಳೆದಾಗಿತ್ತು. ಐದನೆಯ ಕ್ಲಾಸಿನಲ್ಲಿ ಒಬ್ಬನೇ ಕೂತು ರಟ್ಟಿನಿಂದ ಮಾಡಿದ ಅವನ ಗಾಳಿಯಂತ್ರ ಚಾವಡಿಯ ಶೋಕೇಸಿನಲ್ಲಿ ಎಡಕ್ಕೆ ವಾಲಿಕೊಂಡು ಈಗಲೂ ನಿಂತಿದೆ. ಸರಿ ಮಾಡಿಕೊಡುತ್ತೇನೆಂದು ಉಗ್ಗಪ್ಪ ಎರಡು ಮೂರು ಸಲ ಹೇಳಿದ್ದ. "ಬೇಡ ಅಪ್ಪ, ಹಾಗೇ ಇರ್ಲಿ" ಎಂದುಬಿಟ್ಟಿದ್ದ ವಿಜೇತ್. ಒಂದು ಮಗುವಿನ ಬಾಲ್ಯವಂತೂ ಕೈತಪ್ಪಿ ಹೋಗಿತ್ತು. ಇನ್ನೊಂದನ್ನು ಬಿಡುವುದಿಲ್ಲವೆಂದು ಉಗ್ಗಪ್ಪ ಹಟ ಹಿಡಿದಿದ್ದ.

ಸುಪ್ರೀತಾ ತಾನಾಗಿ ಅವನ ಹತ್ತಿರ ಬಂದ ಮೊದಲ ದಿನ ಅವಳ ಕೈಯಲ್ಲಿದ್ದದ್ದು ಥರ್ಮೋಕೋಲ್ ಹಾಳೆ.

"ಅಪ್ಪ, ಶಾಲೆಗೆ ಮನೆ ಮಾಡ್ಲಿಕ್ಕೆ ಉಂಟು. ನಿಮಗೆ ಗೊತ್ತುಂಟಾ?"

ಅಲ್ಲಿಂದ ಶುರುವಾದದ್ದು ಎಲೆಗಳ ಆಲ್ಬಮ್ಮು, ಜ್ವಾಲಾಮುಖಿ, ಮಳೆ ಅಳೆಯುವ ಬಾಟಲಿ ಎಂದು ನಾಲ್ಕು ವರ್ಷ ನಡೆಯಿತು. ಟೀಚರ್ ಬರೆಸಿದ್ದನ್ನು ಅವಳು ಓದಬೇಕು, ಅವನು ಕತ್ತರಿಸಬೇಕು. ಗಮ್ಮಿನ ಮುಚ್ಚಳ ಹಿಡಿದುಕೊಳ್ಳುವ ಕೆಲಸ ಅವಳದು. ನಡುವೆ ಕೈ ಹಾಕಿದರೆ, "ಬೇಡ ಮಗಾ, ಸೊಟ್ಟ ಆಗ್ತದೆ" ಎನ್ನುತ್ತಿದ್ದ. ಅದು ಬೈಗುಳವಲ್ಲ, ಮುದ್ದೇ. ಪ್ರಾಜೆಕ್ಟು ಇದ್ದಷ್ಟು ದಿನ ಮಗಳು ಪಕ್ಕದಲ್ಲಿ ಕೂತಿರುತ್ತಾಳೆ. ಅವನಿಗೆ ಬೇಕಾದದ್ದು ಅಷ್ಟೇ. ಪ್ರಾಜೆಕ್ಟಿಲ್ಲದ ವಾರಗಳಲ್ಲಿ ಅವಳ ಹತ್ತಿರ ಎಂತ ಮಾತಾಡಬೇಕೆಂದು ಅವನಿಗೆ ಈಗಲೂ ತಿಳಿಯುತ್ತಿರಲಿಲ್ಲ.

ಈ ವರ್ಷ ಶ್ರೀರಂಜಿನಿ ಟೀಚರ್ ಉಪಜಿಲ್ಲಾ ವೃತ್ತಿ ಪರಿಚಯ ಮೇಳಕ್ಕೆ ಸುಪ್ರೀತಾಳ ಹೆಸರು ಕೊಟ್ಟರು. ತೆಂಗಿನ ಗರಿಯಿಂದ ವಸ್ತುಗಳನ್ನು ಹೆಣೆಯುವ ಸ್ಪರ್ಧೆ. ಓಣಂ ಹಬ್ಬಕ್ಕೆ ಅವಳು ಶಾಲೆಗೆ ಒಯ್ದಿದ್ದ ಹೂವಿನ ಬುಟ್ಟಿಯನ್ನು ಟೀಚರ್ ಮರೆತಿರಲಿಲ್ಲ. ಆದರೆ ಮೇಳದಲ್ಲಿ ಮನೆಯಿಂದ ಮಾಡಿ ತಂದದ್ದು ನಡೆಯುವುದಿಲ್ಲ. ತೀರ್ಪುಗಾರರ ಎದುರು ಮೂರು ಗಂಟೆ ಕೂತು ಅಲ್ಲೇ ಮಾಡಬೇಕು.

"ಅಪ್ಪ, ಆ ಬುಟ್ಟಿ ನೀವು ಮಾಡಿದ್ದು ಅಂತ ಟೀಚರ್ ಹತ್ರ ಹೇಳ್ತೇನೆ, ಆಯ್ತಾ?"

"ಹೇಳುವುದೆಂತಕ್ಕೆ? ಇನ್ನೂ ಹತ್ತು ದಿವಸ ಉಂಟಲ್ಲ. ನಾನು ಕಲಿಸ್ತೇನೆ."

ಕಲಿಸಿದ ಚೆಂದ ಕೇಳಬೇಕು. ಅವಳು ನಾಲ್ಕು ಎಳೆ ಹೆಣೆಯುವಷ್ಟರಲ್ಲಿ ಅವನಿಗೆ ತಡೆಯುತ್ತಿರಲಿಲ್ಲ. "ಕೊಡು ಇಲ್ಲಿ" ಎಂದು ತೆಗೆದುಕೊಂಡು ತಾನೇ ಮುಗಿಸುತ್ತಿದ್ದ. ಹತ್ತನೆಯ ದಿನಕ್ಕೆ ಚಾವಡಿಯಲ್ಲಿ ಬುಟ್ಟಿ, ಟೊಪ್ಪಿ, ಚೆಂಡುಗಳ ರಾಶಿ ಬಿದ್ದಿತ್ತು. ಮೊದಲಿಂದ ಕೊನೆಯವರೆಗೆ ಸುಪ್ರೀತಾಳೇ ಮಾಡಿದ್ದು ಅದರಲ್ಲಿ ಒಂದೂ ಇರಲಿಲ್ಲ.

"ಮೇಳಕ್ಕೆ ಹೋಗುವುದು ನೀವಾ, ಅವಳಾ?" ಎಂದು ದಮಯಂತಿ ಕೇಳಿದಳು. ಉಗ್ಗಪ್ಪನಿಗೆ ಅದು ತಮಾಷೆಯಾಗಿ ಕೇಳಿಸಿತು.

ಮೇಳದ ದಿನ ಅವನು ಸ್ಪರ್ಧೆ ನಡೆಯುವ ಹಾಲ್‌ನ ಹೊರಗೆ ಕಿಟಕಿಯ ಸರಳು ಹಿಡಿದು ನಿಂತ. ಮೊದಲ ಅರ್ಧ ಗಂಟೆ ಸುಪ್ರೀತಾ ಗರಿಯನ್ನು ಸೀಳಿದ್ದೇ ಸೀಳಿದ್ದು. ಪಕ್ಕದ ಹುಡುಗಿ ಎರಡನೆಯ ಟೊಪ್ಪಿಗೆ ಕೈ ಹಾಕುವಾಗ ಇವಳ ಬುಟ್ಟಿಯ ತಳವೇ ಬಿಚ್ಚಿಕೊಂಡಿತು. ಅವಳು ತಲೆಯೆತ್ತಿ ಕಿಟಕಿಯತ್ತ ನೋಡಿದಳು. ಮೇಲಿಂದ ತಾ, ಕೆಳಗಿಂದ ಎಳೆ, ಮಡಚು ಎಂದು ಉಗ್ಗಪ್ಪ ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದ. ತೀರ್ಪುಗಾರರಲ್ಲಿ ಒಬ್ಬ ಹೆಂಗಸು ಎದ್ದು ಬಂದು ಕಿಟಕಿಯ ಬಾಗಿಲು ಮುಚ್ಚಿದರು.

ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಒಳಗೆ ಮಗಳು ಅಳುತ್ತಿದ್ದಾಳೆ ಎಂದೇ ಅವನ ಎಣಿಕೆ. ಕಡಲಾಚೆ ಹದಿನಾಲ್ಕು ವರ್ಷ ಕಳೆದಾಗಲೂ ಮಕ್ಕಳಿಂದ ಇಷ್ಟು ದೂರ ಇದ್ದೇನೆಂದು ಅವನಿಗೆ ಅನಿಸಿರಲಿಲ್ಲ. ನೀರಿನ ಬಾಟಲಿ ಕೈಯಲ್ಲೇ ಇತ್ತು, ಕುಡಿಯಲು ನೆನಪಾಗಲಿಲ್ಲ.

ಸುಪ್ರೀತಾ ಅತ್ತಿರಲಿಲ್ಲ. ಬೆಲ್ಲು ಹೊಡೆದು ಬಾಗಿಲು ತೆರೆದಾಗ ಉಳಿದ ಮಕ್ಕಳ ಮುಂದೆ ಏಳೆಂಟು ವಸ್ತುಗಳಿದ್ದವು, ಅವಳ ಮುಂದೆ ಒಂದೇ ಒಂದು ಬುಟ್ಟಿ. ಅಂಚು ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದಿತ್ತು; ನಡುವೆ ಎರಡು ಬೆರಳು ತೂರುವಷ್ಟು ಕಂಡಿ. ಗ್ರೇಡೇನೂ ಸಿಗಲಿಲ್ಲ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಉಗ್ಗಪ್ಪ ಅವಳ ಮುಖ ನೋಡಬೇಕಿತ್ತು. ನೋಡಿದ್ದು ಬುಟ್ಟಿಯನ್ನು.

"ಸ್ವಲ್ಪ ಸೊಟ್ಟ ಆಗಿದೆ, ಅಲ್ವಾ ಮಗಾ? ಬೇಜಾರು ಮಾಡ್ಬೇಡ. ಕೊಡು ಇಲ್ಲಿ, ನಾನು ಹಿಡ್ಕೊಳ್ತೇನೆ."

ಬಸ್ಸಿನಲ್ಲಿ ಸೀಟು ಸಿಕ್ಕಿತು. ಸುಪ್ರೀತಾ ಅವನ ಭುಜಕ್ಕೆ ಒರಗಿ ಎರಡೇ ನಿಮಿಷದಲ್ಲಿ ನಿದ್ದೆ ಹೋದಳು. ಬುಟ್ಟಿ ತೊಡೆಯ ಮೇಲಿತ್ತು. ಸುಮ್ಮನಿರಲು ಅವನ ಬೆರಳುಗಳಿಗೆ ಬರುತ್ತಿರಲಿಲ್ಲ. ಕಂಡಿ ಇದ್ದಲ್ಲಿ ಒಂದು ಎಳೆ ಸಡಿಲಿಸಿದ, ಅದನ್ನು ಸರಿ ಮಾಡಲು ಇನ್ನೊಂದು, ಕಡೆಗೆ ಪೂರ್ತಿ ಬಿಚ್ಚಿ ತಳದಿಂದ ಹೊಸದಾಗಿ ಹೆಣೆದ. ಎದ್ದಾಗ ಪಾಪ ಖುಷಿಯಾಗಲಿ ಎಂದು. ಇಳಿಯುವ ಸ್ಟಾಪು ಬರುವಷ್ಟರಲ್ಲಿ ಲಕ್ಷಣವಾದ ಬುಟ್ಟಿಯೊಂದು ಅವಳ ಬ್ಯಾಗಿನೊಳಗೆ ಕೂತಿತ್ತು.

ಮನೆಯಲ್ಲಿ ವಿಜೇತ್ ಕಾಯುತ್ತಿದ್ದ. ಗ್ರೇಡಿನ ಸುದ್ದಿ ಅವನು ಕೇಳಲಿಲ್ಲ.

"ನೀನೇ ಮಾಡಿದ್ದು ಒಂದಾದ್ರೂ ಉಂಟಾ?" ಎಂದ.

"ಉಂಟು ಅಣ್ಣ." ಆ ಉತ್ತರದಲ್ಲಿದ್ದ ಸಂತೋಷ ಉಗ್ಗಪ್ಪನ ಕಿವಿಗೆ ಆಗ ಬಿತ್ತು.

ವಿಜೇತ್ ಶೋಕೇಸು ತೆರೆದು ತನ್ನ ಗಾಳಿಯಂತ್ರವನ್ನು ಬದಿಗೆ ಸರಿಸಿ ಜಾಗ ಮಾಡಿದ. ಸುಪ್ರೀತಾ ಬ್ಯಾಗಿಗೆ ಕೈ ಹಾಕಿ ಬುಟ್ಟಿ ತೆಗೆದಳು. ಮಗುಚಿ ನೋಡಿದಳು, ಅಂಚಿನ ಸುತ್ತ ಬೆರಳಾಡಿಸಿದಳು.

"ಇದು ನನ್ನದಲ್ಲ."

"ನಿನ್ನದೇ ಮಗಾ, ಅದೇ ಗರಿ," ಉಗ್ಗಪ್ಪನ ದನಿ ತಗ್ಗಿತು. "ಬಸ್ಸಲ್ಲಿ ಸ್ವಲ್ಪ ಸರಿ ಮಾಡಿದೆ."

ಅವಳು ಸಿಟ್ಟಾಗಿದ್ದರೆ ಅವನು ಸಮಾಧಾನ ಮಾಡುತ್ತಿದ್ದ. ಅವಳು ಸಿಟ್ಟಾಗಲಿಲ್ಲ.

"ನನ್ನದು ನಿಂತಿತ್ತು ಅಪ್ಪ. ಸೊಟ್ಟ ಆದ್ರೂ ನಿಂತಿತ್ತು."

ಬುಟ್ಟಿಯನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು. ವಿಜೇತ್ ಗಾಳಿಯಂತ್ರವನ್ನು ಮೊದಲಿದ್ದ ಜಾಗಕ್ಕೆ ಎಳೆದು ಶೋಕೇಸಿನ ಗಾಜು ಮುಚ್ಚಿದ.

ಉಗ್ಗಪ್ಪ ಜಗಲಿಯಲ್ಲಿ ಕೂತು ಬುಟ್ಟಿಯನ್ನು ಮತ್ತೆ ಬಿಚ್ಚಿದ. ಕಂಡಿ ಯಾವ ಬದಿಗಿತ್ತು, ಅಂಚು ಎಲ್ಲಿಂದ ಇಳಿದಿತ್ತು ಎಂದು ನೆನಪು ಮಾಡಿಕೊಳ್ಳುತ್ತಾ ಅವಳು ಹೆಣೆದಂತೆಯೇ ಹೆಣೆಯಲು ನೋಡಿದ. ಎಷ್ಟು ತಪ್ಪಿಸಿದರೂ ಕೈ ಸರಿಯಾದ ದಾರಿಗೇ ಹೋಗುತ್ತಿತ್ತು. ಮೂರನೆಯ ಸಲಕ್ಕೆ ಬಾಡಿದ ಗರಿ ಹರಿಯಿತು.

ಸೋಮವಾರಕ್ಕೆ ವಿಜ್ಞಾನದ ಚಾರ್ಟು ಇತ್ತು. ಒಳಗಿನಿಂದ ಸುಪ್ರೀತಾಳ ದನಿ ಕೇಳಿಸಿತು: "ಅಣ್ಣ, ನಿನ್ನ ಹತ್ರ ಗಮ್ ಉಂಟಾ?"

ಗಮ್ಮು ಇದ್ದದ್ದು ಉಗ್ಗಪ್ಪನ ಕಾಲ ಬುಡದ ಪೆಟ್ಟಿಗೆಯಲ್ಲಿ. ಅದು ಅವಳಿಗೆ ಗೊತ್ತಿತ್ತು.