ಇಳಿಸಿದ ಶ್ರುತಿ

ಎಡಗಿವಿಯ ಓಲೆ ಕೂತಿತ್ತು. ಬಲಗಿವಿಯದರ ತಿರುಪು ಮಾತ್ರ ಹಿಡಿಯುತ್ತಿರಲಿಲ್ಲ. ಕ್ಲಾಡೀನ್ ಶವಪೆಟ್ಟಿಗೆಯ ಮೇಲೆ ಬಗ್ಗಿ, ಉಸಿರು ಬಿಗಿಹಿಡಿದು, ಅಮ್ಮನ ತಣ್ಣಗಿನ ಕಿವಿಯ ಹಿಂದೆ ಬೆರಳಾಡಿಸುತ್ತಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ ಚರ್ಚಿನ ಬಾಗಿಲು ತೆರೆದು ಜನ ಮುಖ ನೋಡಲು ಬರುವವರಿದ್ದರು.

“ಅದು ಲೌಂಜಿಗೆ ಹಾಕ್ಕೊಂಡು ಹೋಗ್ತಿದ್ದ ಓಲೆ,” ಎಂದರು ಹಿಂದೆ ನಿಂತಿದ್ದ ಓಝೆಲ್ಲಾ ದೊಡ್ಡಮ್ಮ. “ಕುಡಿಯೋರ ಮುಂದೆ ಹೊಳೀಲಿ ಅಂತ ಮಾಡಿರೋದು. ದೇವರ ಮುಂದೆ ಮುತ್ತಿಂದು ಸಾಕಿತ್ತು.”

“ಮುತ್ತಿಂದು ಹಾಕಿದ್ರೆ ಅಮ್ಮ ಎದ್ದು ಕೂತು ಬದಲಾಯಿಸ್ಕೋತಾಳೆ, ದೊಡ್ಡಮ್ಮ.”

ದೊಡ್ಡಮ್ಮ ನಗಲಿಲ್ಲ. ಕ್ಲಾಡೀನಳನ್ನು ಮೊಣಕೈಯಿಂದ ಸರಿಸಿ, ಬಿಳಿ ಕೈಗವಸು ಕಳಚಿ, ಒಂದೇ ಸುತ್ತಿಗೆ ತಿರುಪು ಕೂರಿಸಿದರು. “ನೀನು ಉಲ್ಟಾ ಸುತ್ತುತ್ತಿದ್ದೆ,” ಎಂದು ತಂಗಿಯ ಕೆನ್ನೆಯ ಮೇಲೆ ಒಂದು ಕ್ಷಣ ಬೆರಳಿಟ್ಟು ತೆಗೆದರು.

ವರ್ಡೆಲ್ ಪೆಟಿಫರ್ಡ್ ಫಿಲಡೆಲ್ಫಿಯಾದ ಜರ್ಮನ್‌ಟೌನಿನ ಹೋಟೆಲೊಂದರ ಲೌಂಜಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಹಾಡಿದವಳು. ತನ್ನದು ಅನ್ನುವ ಹಾಡು ಒಂದೂ ಇರಲಿಲ್ಲ. ಹಳೆಯ ನಾಟಕಗಳಿಗೆ, ಸಿನಿಮಾಗಳಿಗೆ ಯಾರೋ ಬರೆದದ್ದು, ಊರೆಲ್ಲ ಹಾಡಿ ಸವೆಸಿದ್ದು. ಅವುಗಳಲ್ಲಿ ಒಂದು, ‘ದೀಪ ಇರಲಿ ಬಿಡು’. ನಾಟಕ ಕೆಲವೇ ವಾರದಲ್ಲಿ ಬಿದ್ದುಹೋಗಿತ್ತು, ಹಾಡು ಉಳಿದಿತ್ತು. ಹೋದವನು ಬರುತ್ತಾನೆಂದು ಕಾಯುವ ಹೆಂಗಸಿನ ಹಾಡು ಅದು. ಬೇರೆಯವರು ಅದನ್ನು ಬೇಡಿಕೊಳ್ಳುವ ಹಾಗೆ ಹಾಡುತ್ತಿದ್ದರು. ಅಮ್ಮ ಹಾಡಿದರೆ, ರಾತ್ರಿಯ ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು ಬಂದು ನಿಂತವಳೊಬ್ಬಳು ಮಾತಾಡಿದ ಹಾಗಿರುತ್ತಿತ್ತು. ಅವನು ಬರುವುದಿಲ್ಲವೆಂದು ಅವಳಿಗೆ ಗೊತ್ತು. ದೀಪ ಅಭ್ಯಾಸವಾಗಿದೆ, ಅಷ್ಟೇ. ಕೊನೆಯ ಸಾಲಿನಲ್ಲಿ ‘ದೀಪ’ ಎಂದು ಅಮ್ಮ ನಿಂತುಬಿಡುತ್ತಿದ್ದಳು. ಪಿಯಾನೋ ಕೂಡ ನಿಲ್ಲುತ್ತಿತ್ತು. ಲೋಟ ಎತ್ತಿದವರು ಹಾಗೇ ಹಿಡಿದುಕೊಂಡಿರುತ್ತಿದ್ದರು. ಅವಳಿಗೆ ಮನಸ್ಸು ಬಂದಾಗ, ತಾಳಕ್ಕಿಂತ ತಡವಾಗಿ, ‘ಇರಲಿ’ ಎನ್ನುತ್ತಿದ್ದಳು. ಒಮ್ಮೆ ಅದನ್ನು ಕೇಳಿದವರಿಗೆ ಬೇರೆಯವರ ಬಾಯಲ್ಲಿ ಆ ಹಾಡು ರುಚಿಸುತ್ತಿರಲಿಲ್ಲ.

ಆ ಹಾಡು ಇವತ್ತು ಚರ್ಚಿನಲ್ಲಿ ಇರಬೇಕೆಂದು ಕ್ಲಾಡೀನ್ ಕೇಳಿಕೊಂಡಿದ್ದಳು. ಪಾದ್ರಿಗಳು ಯೋಚಿಸಿ, ಬಲಿಪೀಠದ ಮುಂದೆ ಲೌಕಿಕದ ಮಾತು ಬೇಡ, ಮಾತಿಲ್ಲದೆ ಬರೀ ಪಿಯಾನೋ ಆದರೆ ಅಡ್ಡಿಯಿಲ್ಲ ಎಂದಿದ್ದರು. ದೊಡ್ಡಮ್ಮ ತುಟಿ ಬಿಗಿದುಕೊಂಡಿದ್ದರು. ನುಡಿಸುವವರು ಯಾರು ಎಂದು ಅವರು ಕೇಳಿರಲಿಲ್ಲ, ಕ್ಲಾಡೀನ್ ಹೇಳಿರಲೂ ಇಲ್ಲ.

*

ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಹೆಂಗಸರು ಮಣ್ಣು ಮಾಡಿ ಬಂದ ಮೇಲಿನ ಊಟಕ್ಕೆ ಅಣಿಮಾಡುತ್ತಿದ್ದರು. ಕೋಳಿ ಕರಿದ ವಾಸನೆ ಮೆಟ್ಟಿಲವರೆಗೂ ಹಬ್ಬಿತ್ತು. ಚರ್ಚಿನವರೆಲ್ಲ ಸಿಸ್ಟರ್ ಎಂದು ಕರೆಯುವ ಈಡಾ ಸೊಪ್ಪಿನ ಹಂಡೆಗೆ ಸೌಟು ಹಾಕಿ ತಿರುವುತ್ತ, ಮೇಲಿನ ಹೂವಿಗಿಂತ ಕೆಳಗಿನ ಊಟ ನೋಡಿಯೇ ಜನ ಸತ್ತವರ ಯೋಗ್ಯತೆ ಅಳೆಯುವುದು ಎಂದು ಎಲ್ಲರಿಗೂ ಹೇಳುತ್ತಿದ್ದಳು. ಆಗಲೇ ಲೂಷಸ್ ಬ್ಯಾಸ್ಕಂ ಹಿಂಬಾಗಿಲಿನಿಂದ ಬಂದರು. ಎಂಬತ್ತು ದಾಟಿದ, ಗಳುವಿನಂಥ ಮನುಷ್ಯ. ಆ ಮೂವತ್ತು ವರ್ಷವೂ ಅಮ್ಮನಿಗೆ ಪಿಯಾನೋ ನುಡಿಸಿದವರು.

“ಮಿಸ್ಟರ್ ಲೂಷಸ್, ಚರ್ಚಿಗೆ ದಾರಿ ಸಿಕ್ತಾ?” ಎಂದಳು ಈಡಾ. “ಛಾವಣಿ ಬೀಳದಿದ್ರೆ ಸಾಕು.”

“ನಾನು ಕಂಬದ ಪಕ್ಕದಲ್ಲೇ ನಿಂತಿದೀನಿ ಈಡಾ. ಬಿದ್ರೆ ಮೊದಲು ನಿನ್ನ ಹಂಡೆ ಮೇಲೆ.”

ಹೆಂಗಸರು ನಕ್ಕರು. ನಗು ಮುಗಿಯುವ ಮೊದಲೇ ದೊಡ್ಡಮ್ಮ ಮೆಟ್ಟಿಲಿಳಿದು ಬಂದರು. ಲೂಷಸ್ ಟೋಪಿ ತೆಗೆದರು. ಅವರ ಕಂಕುಳಲ್ಲಿದ್ದ ಪಿಯಾನೋ ಬೆಂಚಿನ ಮೆತ್ತೆಯನ್ನು ನೋಡಿ ದೊಡ್ಡಮ್ಮನಿಗೆ ಎಲ್ಲ ಅರ್ಥವಾಯಿತು. ಬೇರೆಯವರ ಬೆಂಚಿನ ಮೇಲೆ ಅವರು ಎಂದೂ ಬರಿದೇ ಕೂತವರಲ್ಲ.

“ನೀವಾ ನುಡಿಸೋದು?”

“ಕ್ಲಾಡೀನ್ ಕರೆದ್ಳು, ಮಿಸ್ ಓಝೆಲ್ಲಾ.”

“ಐವತ್ತು ವರ್ಷ ಈ ಚರ್ಚಿನ ಮೇಳದಲ್ಲಿ ಹಾಡಿದವಳು ನಾನು. ಅವಳನ್ನ ಕರ್ಕೊಂಡು ಹೋಗೋಕೆ ಬಂದು ಆ ಲೌಂಜಿನ ಬಾಗಿಲ ಹೊರಗೆ ನಿಂತು ಕೇಳಿಸ್ಕೊಂಡಿದೀನಿ.” ದೊಡ್ಡಮ್ಮನ ದನಿ ಏರಲಿಲ್ಲ. ಅದೇ ಭಯವಾಗುವಂತಿತ್ತು. “ಅವಳ ಗಂಟಲು ಎಂದೋ ಸಾಕು ಅಂದಿತ್ತು. ಒಂದು ದಿನ ಸ್ವರ ಒಡೆದಿದ್ರೆ ಅವಳೇ ನಿಲ್ಲಿಸಿ ಮನೇಲಿ ಕೂತಿರ್ತಿದ್ಳು. ನೀವು ಒಡೆಯೋಕೇ ಬಿಡ್ಲಿಲ್ಲ. ಕದ್ದು ಕದ್ದು ಶ್ರುತಿ ಇಳಿಸ್ಕೊಂಡು ಬಂದ್ರಿ. ಅವಳ ಮುಪ್ಪನ್ನ ಅವಳಿಂದಾನೇ ಬಚ್ಚಿಟ್ರಿ. ಅದಕ್ಕೇ ಜನವರಿ ಹಿಮದಲ್ಲಿ ಬಸ್ಸಿಗೆ ನಿಂತು ಎದೆಗೆ ಶೀತ ಹಿಡಿಸ್ಕೊಂಡ್ಳು. ಈಗ ಮೇಲೆ ಮಲಗಿದಾಳೆ.”

ಸೌಟಿನ ಸದ್ದು ನಿಂತಿತು. ಕಣ್ಣು ಮಂಜಾಗಿ ದೊಡ್ಡಮ್ಮ ಕಾರು ಓಡಿಸುವುದನ್ನು ಬಿಟ್ಟ ಮೇಲೆಯೇ ಅಮ್ಮ ಬಸ್ಸಿಗೆ ಹೋಗತೊಡಗಿದ್ದು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಲೂಷಸ್ ಟೋಪಿಯ ಅಂಚನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿದರು. “ಇಳಿಸಿದ್ದು ನಿಜ,” ಎಂದರು. “ಅವಳಿಗೆ ಗೊತ್ತಾಗ್ದೇ ಇರ್ಲಿ ಅಂತಾನೇ ಇಳಿಸಿದ್ದು. ಅದರಿಂದ ಹೀಗಾಗುತ್ತೆ ಅಂತ ಹೊಳೀಲಿಲ್ಲ.” ಟೋಪಿ ಹಾಕಿಕೊಂಡು, ಬಂದ ಬಾಗಿಲಿನಿಂದಲೇ ಹೊರಗೆ ಹೋದರು.

ಕ್ಲಾಡೀನ್ ಕೈಯಲ್ಲಿ ತಟ್ಟೆಗಳ ಅಟ್ಟಿ ಹಿಡಿದು ನಿಂತಿದ್ದಳು. ಅವಳ ನಾಲಿಗೆಯ ತುದಿಯಲ್ಲಿ ಒಂದು ಮಾತಿತ್ತು. ಅದನ್ನು ಆಡುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟಿದ್ದಳು.

*

ಹಾಡುವವಳಿಗೆ ಶ್ರುತಿ ಕೊಡುವವನು ಪಿಯಾನೋದವನು. ಹಾಡಿಗೆ ಮುಂಚಿನ ನಾಲ್ಕು ಆವರ್ತಗಳನ್ನು ಅವನು ಎಲ್ಲಿಂದ ಎತ್ತುತ್ತಾನೋ ಅಲ್ಲಿಂದಲೇ ಅವಳು ಹೊರಡಬೇಕು. ವಯಸ್ಸಾದಂತೆ ಮೇಲಿನ ಸ್ವರಗಳು ಒಂದೊಂದಾಗಿ ಕೈಬಿಡುತ್ತವೆ. ಹೆಚ್ಚಿನ ಹಾಡುಗಾರ್ತಿಯರು ಪಿಯಾನೋದವನ ಜೊತೆ ಜಗಳ ಆಡಿಯೇ ಶ್ರುತಿ ಇಳಿಸಿಕೊಳ್ಳುತ್ತಾರೆ, ಇಳಿಸಿದ ದಿನ ಮನೆಗೆ ಹೋಗಿ ಅಳುತ್ತಾರೆ. ಲೂಷಸ್ ಕೇಳುತ್ತಲೂ ಇರಲಿಲ್ಲ, ಹೇಳುತ್ತಲೂ ಇರಲಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ, ಜನ ಕಡಿಮೆಯಿರುವ ಒಂದು ದಿನ ನೋಡಿ, ಅರ್ಧ ಸ್ವರ ಕೆಳಗಿನಿಂದ ಎತ್ತಿಬಿಡುತ್ತಿದ್ದರು.

ಕೆಲವು ವರ್ಷದ ಹಿಂದೆ ಒಂದು ಬುಧವಾರ ಕ್ಲಾಡೀನ್ ಮನೆಗೆ ಬಂದಾಗ ಅಮ್ಮ ಓವನ್ನಿನಲ್ಲಿ ಸುಡುವ ಸಿಹಿ ಪೈಗೆಂದು ಬೇಯಿಸಿದ ಗೆಣಸು ಕಿವುಚುತ್ತಿದ್ದಳು. ಹಬ್ಬವಲ್ಲ, ಯಾರ ಹುಟ್ಟಿದ ದಿನವೂ ಅಲ್ಲ.

“ಯಾರಿಗಮ್ಮ ಪೈ?”

“ಲೂಷಸ್‌ಗೆ. ನಿನ್ನೆ ಮತ್ತೆ ಶ್ರುತಿ ಇಳಿಸಿದ.”

“ನಿಂಗೆ ಗೊತ್ತಾಗುತ್ತಾ?”

“ನನ್ನ ಗಂಟಲು ಕಣೇ. ಮನೆ ಮೆಟ್ಟಿಲಲ್ಲಿ ಒಂದು ಕಮ್ಮಿ ಆದ್ರೆ ಕಾಲಿಗೆ ಗೊತ್ತಾಗಲ್ವಾ?”

ಹಾಗಾದರೆ ಅವರಿಗೆ ಹೇಳಬಹುದಲ್ಲ, ಪಾಪ, ಪ್ರತಿ ಸಲ ಎಷ್ಟು ಹೆದರಿಕೊಂಡು ಮಾಡುತ್ತಾರೋ ಎಂದಳು ಕ್ಲಾಡೀನ್. ಅಮ್ಮ ಗೆಣಸಿನ ಮೇಲೆ ಜಾಯಿಕಾಯಿ ತುರಿದಳು.

“ಹೇಳಿದ್ರೆ ಮುಂದಿನ ಸಲ ಅವನು ನನ್ನ ಕೇಳ್ಬೇಕಾಗುತ್ತೆ. ನಾನು ಹೂಂ ಅನ್ಬೇಕಾಗುತ್ತೆ. ಅಲ್ಲಿಗೆ ಇಬ್ರೂ ಮುದುಕರಾಗ್ತೀವಿ. ನೀನು ಬಾಯಿ ಬಿಡಬೇಡ, ನನ್ನಾಣೆ.”

ಕ್ಲಾಡೀನ್ ಬಾಯಿ ಬಿಟ್ಟಿರಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗ ಲೂಷಸ್ ದಿನಾ ಬಂದು ಕಾಲ ಬಳಿ ಕೂರುತ್ತಿದ್ದರು. ಬೇಗ ಎದ್ದು ಬಾ, ನಿನ್ನ ಹಾಡು ಇದ್ದಲ್ಲೇ ಇದೆ, ಒಂದಿಷ್ಟೂ ಅಲುಗಾಡಿಸಿಲ್ಲ ಎನ್ನುತ್ತಿದ್ದರು. ಅಮ್ಮ ಗಂಭೀರವಾಗಿ ತಲೆಯಾಡಿಸುತ್ತಿದ್ದಳು.

*

ಲೂಷಸ್ ಚರ್ಚಿನ ಪಕ್ಕದ ಗೋಡೆಗೆ ಒರಗಿ, ಮೆತ್ತೆಯನ್ನು ಎದೆಗೆ ಅವುಚಿಕೊಂಡು ಬಸ್ಸಿನ ದಾರಿ ನೋಡುತ್ತಿದ್ದರು. ಕ್ಲಾಡೀನ್ ಕೋಟು ಹಾಕಿಕೊಳ್ಳುವುದನ್ನೂ ಮರೆತು ಬಂದಿದ್ದಳು. ಹೇಳಿದರೆ ಈ ಮನುಷ್ಯ ಒಬ್ಬಳಿಗಾಗಿ ಅಷ್ಟು ಕಾಲ ಗುಟ್ಟಾಗಿ ಮಾಡಿದ ಒಂದೇ ಉಪಕಾರ ಇವರ ಕೈಯಿಂದ ಹೋಗುತ್ತದೆ. ಹೇಳದಿದ್ದರೆ ಒಂದು ಸಾವನ್ನು ಹೊತ್ತುಕೊಂಡು ಬಸ್ಸು ಹತ್ತುತ್ತಾರೆ. ತಿರುವಿನಲ್ಲಿ ಬಸ್ಸಿನ ಮೂತಿ ಕಂಡಿತು.

“ಅಮ್ಮನಿಗೆ ಗೊತ್ತಿತ್ತು, ಮಿಸ್ಟರ್ ಲೂಷಸ್. ಶ್ರುತಿ ಇಳಿಸ್ತಿದ್ದಿದ್ದು. ಮೊದಲನೇ ಸಲದಿಂದಾನೂ.”

“ಸಮಾಧಾನಕ್ಕೆ ಹೇಳ್ತಿದೀಯ, ಮಗು.”

“ಗೆಣಸಿನ ಪೈ ಯಾವಾಗ್ಯಾವಾಗ ಬರ್ತಿತ್ತು, ನೆನಪು ಮಾಡ್ಕೊಳ್ಳಿ.”

ಬಸ್ಸು ಬಂದು ನಿಂತು, ಬಾಗಿಲು ತೆರೆದು, ಯಾರೂ ಹತ್ತದಿರುವುದನ್ನು ನೋಡಿ ಮುಂದೆ ಹೋಯಿತು. ಲೂಷಸ್‌ರ ತುಟಿ ಏನನ್ನೋ ಲೆಕ್ಕ ಹಾಕುವಂತೆ ಅಲ್ಲಾಡುತ್ತಿತ್ತು. ಮುಖದ ಮೇಲೆ ಮೊದಲು ನಗು ಬಂತು. ಅದರ ಬೆನ್ನಿಗೇ ಕ್ಲಾಡೀನ್ ಹೆದರಿದ್ದೂ ಬಂತು. ಆಟದಲ್ಲಿ ಸಿಕ್ಕಿಬಿದ್ದ ಹುಡುಗನಂತೆ ಅವರು ನೆಲ ನೋಡಿದರು.

“ನನ್ನ ಹೆಂಡ್ತಿಗೆ ಹೇಳ್ತಿದ್ದೆ, ವರ್ಡೆಲ್‌ಗೆ ಒಲೆ ಹಚ್ಚೋ ಹುಚ್ಚು ಯಾವಾಗ ಬರುತ್ತೋ ಹೇಳೋಕಾಗಲ್ಲ ಅಂತ.” ಆಮೇಲೆ ತಲೆಯೆತ್ತಿ, “ನಗ್ತಿದ್ಳಾ ನನ್ನ ನೋಡಿ?”

“ಇಲ್ಲ. ನೀವು ಬಾಯಿ ಬಿಟ್ಟು ಕೇಳೋ ಹಾಗಾದ್ರೆ ಅವತ್ತು ಮುದುಕಿ ಆಗ್ತೀನಿ ಅಂತಿದ್ಳು. ನೀವು ಕೇಳ್ಲಿಲ್ಲ, ಅವಳು ಆಗ್ಲಿಲ್ಲ. ಲೌಂಜಿಗೆ ಹೋಗಿದ್ದು ಗೊತ್ತಿದ್ದೇ ಹೋಗಿದ್ದು. ನೀವು ಕರ್ಕೊಂಡು ಹೋಗಿದ್ದಲ್ಲ.”

ಅವರು ಬೆರಳು ಮಡಿಸಿ ಎಣಿಸಿದರು. ಆಮೇಲೆ, “ಒಂದು ಸಲ ಇಳಿಸಿದಾಗ ಪೈ ಬರ್ಲೇ ಇಲ್ಲ,” ಎಂದರು.

“ಆಗ ನಮ್ಮನೆ ಓವನ್ ಕೆಟ್ಟಿತ್ತು.”

ಅವರ ಎದೆಯೊಳಗಿಂದ ಕೆಮ್ಮಿನಂಥದ್ದೊಂದು ಹೊರಟಿತು. ನಗುವೋ ಅಳುವೋ ಎಂದು ಕ್ಲಾಡೀನ್ ನೋಡಲು ಹೋಗಲಿಲ್ಲ, ಅವರ ತೋಳು ಹಿಡಿದುಕೊಂಡಳು.

ಚರ್ಚಿನ ಬಾಗಿಲಲ್ಲಿ ದೊಡ್ಡಮ್ಮ ಕೈಗವಸು ಸರಿಮಾಡಿಕೊಳ್ಳುತ್ತ ನಿಂತಿದ್ದರು. ಅಮ್ಮನಿಗೆ ಎಲ್ಲ ಗೊತ್ತಿತ್ತು ಎಂದು ಕ್ಲಾಡೀನ್ ಅವರಿಗೂ ಹೇಳಿದಳು. ಯಾರು ಹೇಳಿದ್ದು ಎಂದರು ದೊಡ್ಡಮ್ಮ. ಅಮ್ಮನೇ ಎಂದಳು ಕ್ಲಾಡೀನ್.

“ನಂಗೆ ಹೇಳ್ಲಿಲ್ಲ,” ಎಂದರು ದೊಡ್ಡಮ್ಮ. ಅದು ಸಿಟ್ಟಾಗಿರಲಿಲ್ಲ. ಅವರು ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಲೂಷಸ್ ಒಳಗೆ ಹೋದರು.

*

ಪ್ರಾರ್ಥನೆಯಾಯಿತು, ಮೇಳದವರ ಹಾಡಾಯಿತು. ಪಾದ್ರಿಗಳು ತಲೆಯಾಡಿಸಿದಾಗ ಲೂಷಸ್ ಎದ್ದು ಬಂದು ಬೆಂಚಿನ ಮೇಲೆ ಮೆತ್ತೆ ಹಾಸಿ ಕೂತರು. ಮುಚ್ಚಿದ ಪೆಟ್ಟಿಗೆ ಅವರ ಬಲಕ್ಕಿತ್ತು. ಲೌಂಜಿನಲ್ಲಿ ಅಮ್ಮ ನಿಲ್ಲುತ್ತಿದ್ದುದೂ ಅದೇ ಕಡೆ.

ಮೊದಲ ಆವರ್ತಗಳನ್ನು ಅವರು ಕಟ್ಟಕಡೆಗೆ ಇಳಿಸಿದ ಶ್ರುತಿಯಿಂದ, ಎಲ್ಲರಿಗೂ ಕೇಳಲಿ ಎನ್ನುವ ಹಾಗೆ, ನೇರವಾಗಿ ಎತ್ತಿದರು. ಮುಂದಿನದು ಹಾಡಿನ ಧಾಟಿ ಎಂದು ಜನ ಕಾದರು. ಧಾಟಿ ಬರಲಿಲ್ಲ. ಮಾತಿಲ್ಲದೆ ಬರೀ ಪಿಯಾನೋ ಎಂದು ಒಪ್ಪಿದ ಪಾದ್ರಿಗಳಿಗಾಗಲಿ, ಕೇಳಿಕೊಂಡ ಕ್ಲಾಡೀನಳಿಗಾಗಲಿ ಇದು ಹೊಳೆದಿರಲಿಲ್ಲ. ಲೂಷಸ್ ಆ ಹಾಡನ್ನು ಎಂದೂ ನುಡಿಸಿದವರೇ ಅಲ್ಲ. ಅವಳ ದನಿಯ ಕೆಳಗೆ, ಅವಳ ಬದಿಗೆ, ಅವಳು ಉಸಿರು ಎಳೆದುಕೊಳ್ಳುವಲ್ಲಿ ನುಡಿಸಿದವರು. ಈಗಲೂ ಅಷ್ಟೇ ನುಡಿಸುತ್ತಿದ್ದರು. ನಡುವೆ ಒಬ್ಬಳಿಗೆ ಬೇಕಾಗುವಷ್ಟು ಜಾಗ ಖಾಲಿ ಬಿಡುತ್ತ ಹೋದರು. ಹಿಂದಿನ ಸಾಲುಗಳಲ್ಲಿ ಲೌಂಜಿಗೆ ಬರುತ್ತಿದ್ದವರು ಕೆಲವರು ಕಣ್ಣು ಮುಚ್ಚಿಕೊಂಡರು.

ಕೊನೆಯ ಸಾಲು ಬಂತು. ‘ದೀಪ’ ಎನ್ನುವಲ್ಲಿ ಪಿಯಾನೋ ನಿಂತಿತು.

ಲೂಷಸ್‌ರ ಎರಡೂ ಕೈ ಮೇಲೆದ್ದು ಪಿಯಾನೋದ ಕೀಲಿಗಳ ಮೇಲೆ ಗಾಳಿಯಲ್ಲಿ ನಿಂತವು. ಹಾಡುವವಳು ಬಂದ ಮೇಲೆಯೇ ಅವು ಇಳಿಯಬೇಕು. ಅವಳಿಗಿಂತ ಮುಂಚೆ ಅವರು ಒಂದು ದಿನವೂ ಕೈ ಇಳಿಸಿದವರಲ್ಲ, ಇಳಿಸಲು ಈಗ ಅವರಿಗೆ ಬರುತ್ತಲೂ ಇರಲಿಲ್ಲ. ಅವರು ಬಲಕ್ಕೆ ನೋಡಿದರು. ಪೆಟ್ಟಿಗೆ ಇತ್ತು. ಮಕ್ಕಳು ಕೂಡ ಮಿಸುಕಲಿಲ್ಲ. ಪಾದ್ರಿಗಳು ಒಮ್ಮೆ ಗಂಟಲು ಸರಿಮಾಡಿಕೊಂಡರು. ಕ್ಲಾಡೀನಳಿಗೆ ಹಾಡಲು ಬರುತ್ತಿರಲಿಲ್ಲ.

ಪಕ್ಕದಲ್ಲಿ ಮರದ ಬೆಂಚು ಕಿರುಗುಟ್ಟಿತು. ದೊಡ್ಡಮ್ಮ ಎದ್ದು ನಿಂತಿರಲಿಲ್ಲ, ಮುಂದಕ್ಕೆ ಬಾಗಿದ್ದರು, ಅಷ್ಟೇ. ಆ ಶ್ರುತಿ ಅವರ ಹಳೆಯ, ಬಿರುಕು ಬಿಟ್ಟ ಗಂಟಲಿಗೂ ಎಟುಕುವಷ್ಟು ಕೆಳಗಿತ್ತು.

“ಇರಲಿ,” ಎಂದು ಹಾಡಿದರು.

ಲೂಷಸ್‌ರ ಕೈಗಳು ಇಳಿದವು.