ಅಮ್ಮನ ಮಾತಿದ್ದ ಡಬ್ಬಿ

ನಮ್ಮ ಪಕ್ಕದ ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮೂರು, ಹಾರ್ಡ್ ಡ್ರೈವ್ ಒಂದೇ. ಅದಕ್ಕೆ ಆ ಮನೆಯವರು ಇಟ್ಟ ಹೆಸರು ಡಬ್ಬಿ. ಅಣ್ಣ, ತಮ್ಮ, ಅಣ್ಣನ ಹೆಂಡತಿ ಮೂವರಿಗೂ ಅದೇ ಬೇಕು. "ಡಬ್ಬಿ ಕೊಡ್ರೋ!" ಅಂತ ಒಬ್ಬರು ಕೂಗಿದರೆ ಸಾಕು, ಇನ್ನೊಬ್ಬರು ವೈರು ಕಿತ್ತು ಕೈಗೆ ಕೊಡುತ್ತಿದ್ದರು.

ಗಿರಾಕಿಗಳ ಮದುವೆ ಫೋಟೋಗಳೆಲ್ಲ ಅದರಲ್ಲೇ. ಹೋದ ವರ್ಷ ತೀರಿಕೊಂಡ, ಆ ಅಣ್ಣತಮ್ಮಂದಿರ ಅಮ್ಮನ ವಿಡಿಯೋನೂ ಅದರಲ್ಲೇ. "ಸಾಕು ನಿಲ್ಸೋ, ನನ್ ಮುಖದಲ್ಲಿ ಏನಿದೆ ಅಂತ!" ಎಂದು ಗದರುತ್ತಲೇ ನಕ್ಕುಬಿಡುತ್ತಾರೆ ಅಮ್ಮ. ಅಂಗಡಿ ಮುಚ್ಚುವ ಹೊತ್ತಿಗೆ ಅಪ್ಪ ಬಂದು, ಅದನ್ನು ನೋಡಿಯೇ ಊಟಕ್ಕೆ ಹೋಗುತ್ತಿದ್ದರು.

ಅತ್ತಿಗೆ (ಪಕ್ಕದವನಾದರೂ ನಾನೂ ಅವಳನ್ನು ಹಾಗೇ ಕರೆಯೋದು) ಹೇಳುತ್ತಲೇ ಇದ್ದಳು. "ಹಾಗೆ ಕೀಳ್ಬೇಡಿ. ಮೊದಲು ಕಂಪ್ಯೂಟರಲ್ಲಿ ಇಜೆಕ್ಟ್ ಒತ್ತಿ, ತೆಗೀಬಹುದು ಅಂತ ಬಂದ್ಮೇಲೆ ತೆಗೀರಿ. ಅತ್ತೆ ವಿಡಿಯೋನಾದ್ರೂ ಇನ್ನೊಂದು ಕಡೆ ಹಾಕಿಡಿ."

"ಇಷ್ಟು ದಿನ ಆಗದ್ದು ಈಗ ಆಗುತ್ತಾ? ನಿನ್ ಬಾಯಿ ಥರಾನೇ ಗಟ್ಟಿ ಇದೆ ಅದು. ನಾಳೆ ಹಾಕಿದ್ರಾಯ್ತು ಬಿಡೇ," ಅಂತ ಅಣ್ಣ ನಗುತ್ತಿದ್ದ.

ಒಂದು ಸಂಜೆ ತಮ್ಮ ಡಬ್ಬಿಗೆ ಫೈಲುಗಳನ್ನು ಹಾಕುತ್ತಿದ್ದ. ಗಿರಾಕಿ ಅವಸರ ಮಾಡಿದ. ಅಣ್ಣ ಬಂದವನೇ ಕಿತ್ತುಕೊಂಡು ಹೋಗಿ ತನ್ನ ಕಂಪ್ಯೂಟರಿಗೆ ಚುಚ್ಚಿದ. ಅರ್ಧಕ್ಕೆ ಕಿತ್ತದ್ದರಿಂದ ಡಬ್ಬಿ ತೆರೆಯಲಿಲ್ಲ; ಫಾರ್ಮ್ಯಾಟ್ ಮಾಡಲೇ, ಅಂದರೆ ಇದ್ದದ್ದನ್ನೆಲ್ಲ ಅಳಿಸಲೇ, ಅಂತ ಕಂಪ್ಯೂಟರ್ ಕೇಳಿತು. ಓದುವ ವ್ಯವಧಾನ ಯಾರಿಗಿದೆ? ಹೂಂ ಅಂದುಬಿಟ್ಟ. ಖಾಲಿಯಾದ ಡಬ್ಬಿಗೆ ಹೊಸ ಫೋಟೋಗಳನ್ನೂ ತುಂಬಿಬಿಟ್ಟ.

ರಿಪೇರಿಯವನು ಕೈಚೆಲ್ಲಿದ. "ಬರೀ ಫಾರ್ಮ್ಯಾಟ್ ಆಗಿದ್ರೆ ಏನಾದ್ರೂ ಸಿಕ್ತಿತ್ತೇನೋ. ಮೇಲೆ ಹೊಸದು ತುಂಬಿದೀರಲ್ಲ." ಗಿರಾಕಿಗಳಿಗೆಲ್ಲ ಅವರವರ ಪ್ರತಿ ಕೊಟ್ಟಾಗಿತ್ತು. ಅಮ್ಮನದಕ್ಕೆ ಮಾತ್ರ ಇನ್ನೊಂದು ಪ್ರತಿ ಇರಲಿಲ್ಲ.

ಅಪ್ಪ ಎಂದಿನಂತೆ ಬಂದು ಕೂತರು. "ಹಾಕೋ."

ನಡೆದದ್ದನ್ನು ಅತ್ತಿಗೆಯೇ ಹೇಳಿದಳು. ನಾನೂ ಅಲ್ಲೇ ಇದ್ದೆ. ಅಪ್ಪ ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಮುಖ ನೆನಪಿದೆ ಕಣೋ. ಅವಳ ಧ್ವನಿ ಮರ್ತುಹೋಗುತ್ತಲ್ಲೋ," ಅಂದರು, ಅಷ್ಟೇ. ಅಂದು ಆ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಈಗ ಅಲ್ಲಿ ಡಬ್ಬಿ ಎರಡು. ಇಜೆಕ್ಟ್ ಒತ್ತದೆ ಕಿತ್ತರೆ ಅಣ್ಣನೇ ಗದರುತ್ತಾನೆ. ಎರಡನೆಯದು ಬಂದ ದಿನ ಅಪ್ಪ ತಾವೇ ಸ್ಟೂಲು ಎಳೆದುಕೊಂಡು ಕ್ಯಾಮೆರಾ ಮುಂದೆ ಕೂತರು. "ನನ್ನದಾದ್ರೂ ತೆಗಿ. ಎರಡೂ ಕಡೆ ಇಡು." ಅಣ್ಣ ಅಳುತ್ತಲೇ ತೆಗೆದ.

ನಿಮ್ಮಲ್ಲೂ ಕೈಯಿಂದ ಕೈಗೆ ಓಡಾಡುವ ಇಂಥ ಡಬ್ಬಿ ಇದೆಯೇ? ಇಜೆಕ್ಟ್ ಒತ್ತದೆ ಕೀಳಬೇಡಿ. ಫಾರ್ಮ್ಯಾಟ್ ಮಾಡಲೇ ಅಂತ ಕೇಳಿದರೆ ಬೇಡ ಅನ್ನಿ, ತಿಳಿದವರಿಗೆ ತೋರಿಸಿ. ಹೋದರೆ ಮತ್ತೆ ಸಿಗದ್ದು ಅದರಲ್ಲಿ ಏನಿದೆಯೋ, ಅದನ್ನು ಇವತ್ತೇ ಇನ್ನೊಂದು ಕಡೆಯೂ ಇಡಿ. ನಾಳೆ ಅನ್ನಬೇಡಿ. ಆ ಅಣ್ಣನೂ ನಾಳೆ ಅಂತಲೇ ಇದ್ದ.