ಮುಂಬಾಗಿಲಿನ ಅತಿಥಿ

ಅಪ್ಪನ ಶವಪೆಟ್ಟಿಗೆ ಅಡುಗೆಮನೆಯ ಹಿಂಬಾಗಿಲಿನಲ್ಲಿ ಸಿಕ್ಕಿಕೊಂಡು ಕೂತಿತ್ತು. ಹೊರಲು ಬಂದಿದ್ದ ನಾಲ್ವರು, ಈ ಬಂದರಿಗೇ ಹೊಸಬರು, ಅತ್ತ ತಿರುಗಿಸಿ ಇತ್ತ ತಿರುಗಿಸಿ ಬೆವರೊರೆಸಿಕೊಂಡರು.

"ಇಲ್ಲಿಂದಲೇ ಆಗಬೇಕು," ಎಂದರು ಚಿಕ್ಕಪ್ಪ. "ಮುಂಬಾಗಿಲು ಗಿರಾಕಿಗಳಿಗೆ, ಹಿಂಬಾಗಿಲು ನಮಗೆ. ಅಣ್ಣ ತಾನೇ ಹಾಕಿದ ನಿಯಮ."

ಮಗಳಿಗೆ ಬೆಳಗಿನಿಂದಲೂ ಇದೇ ಸಂಕಟ. ಅಮೃತಶಿಲೆಯ ಮೆಟ್ಟಿಲು, ದೀಪದ ಗೊಂಚಲು, ಊರಿಗೇ ದೊಡ್ಡ ಹೋಟೆಲು. ಕಟ್ಟಿದ ಅಪ್ಪ ಮಾತ್ರ ಜೀವಮಾನವಿಡೀ ತರಕಾರಿ ಬುಟ್ಟಿಗಳ ಜೊತೆ ಓಡಾಡಿದ್ದ. ಕಡೆಯ ಸಲವಾದರೂ ಮುಂದಿನಿಂದ ಹೋಗಲಿ ಎಂದು ಅವಳ ಆಸೆ.

"ಚಿಕ್ಕಪ್ಪ, ಕಾಯಿಲೆ ಬಿದ್ದಮೇಲೆ ಅಪ್ಪ ಮಲಗಿದ್ದು ಎಲ್ಲಿ?"

"ಸಮುದ್ರದ ಕಡೆ ಬಾಡಿಗೆ ಕೋಣೇಲಿ. ನೀನೇ ಹಠ ಮಾಡಿ ಮಲಗಿಸಿದ್ದು."

"ಕೋಣೆ ಖಾಲಿ ಮಾಡಿ ಹೊರಡೋರನ್ನ ಏನಂತೀವಿ?"

ಚಿಕ್ಕಪ್ಪನ ಮೀಸೆ ಅದುರಿತು. "ಗಿರಾಕಿ ಅಂತೀವಿ. ಅಪ್ಪನ ಮಗಳೇ ಸರಿ ನೀನು. ತಿರುಗಿಸ್ರಪ್ಪಾ."

*

ಹಡಗಿನಿಂದ ಇಳಿದ ಹೊಸದರಲ್ಲಿ ಅಪ್ಪನಿಗೆ ಇಲ್ಲಿನ ಭಾಷೆ ಬಾರದು. ಬಂದರಿನಲ್ಲಿ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು "ಹೋಗಿ ಬನ್ನಿ" ಎನ್ನುವುದನ್ನು ಕೇಳಿ, ಇದಕ್ಕಿಂತ ಅಕ್ಕರೆಯ ಸ್ವಾಗತ ಇನ್ನೊಂದಿಲ್ಲ ಎಂದುಕೊಂಡ. ಹೋಟೆಲು ತೆರೆದ ದಿನ ಮೊದಲ ಅತಿಥಿಯಾಗಿ ಬಂದ ಕಪ್ತಾನನಿಗೆ ಬಾಗಿ "ಹೋಗಿ ಬನ್ನಿ" ಎಂದ. ಕಪ್ತಾನ ಪೆಚ್ಚಾಗಿ ಟ್ರಂಕು ಎತ್ತಿಕೊಂಡು ಹೊರಟ. ಹೊರಟವನಿಗೆ ಅಪ್ಪ ತಾನು ವಿದಾಯವೆಂದು ತಿಳಿದಿದ್ದ ಮಾತು ಹೇಳಿದ: "ಬನ್ನಿ, ಬನ್ನಿ." ಕಪ್ತಾನ ತಿರುಗಿ ಬಂದ. "ಹೋಗಿ ಬನ್ನಿ." ಹೀಗೆ ಒಳಗೂ ಹೊರಗೂ ಓಡಾಡಿ ಸುಸ್ತಾದ ಕಪ್ತಾನ ಹೊಟ್ಟೆ ಹಿಡಿದುಕೊಂಡು ನಕ್ಕು ಅಲ್ಲೇ ಕೂತುಬಿಟ್ಟ.

ಆಮೇಲೆ ಸ್ವಾಗತವನ್ನೇನೋ ಅಪ್ಪ ತಿದ್ದಿಕೊಂಡ. ವಿದಾಯವನ್ನು ಮಾತ್ರ ಬಿಡಲಿಲ್ಲ.

"ಹೊರಟೋರಿಗೆ ಹೋಗಿ ಅನ್ನೋಕೆ ನಾಲಿಗೆ ಏಳಲ್ಲ ಮಗಳೇ," ಎನ್ನುತ್ತಿದ್ದ.

*

ಮುಂಬಾಗಿಲಿನ ಎರಡೂ ಕದ ತೆರೆದವು. ಕೆಲಸದವರೆಲ್ಲ ಸಾಲಾಗಿ ನಿಂತರು. ಪೆಟ್ಟಿಗೆ ಮೆಟ್ಟಿಲಿಳಿಯಿತು, ವಿದಾಯ ಹೇಳಬೇಕಾದವನೇ ಅದರೊಳಗಿದ್ದ. ಮಗಳು ಹೊಸ್ತಿಲಿಗೆ ಬಂದು ಅಪ್ಪನ ಹಾಗೇ ಬಾಗಿ, ಗಟ್ಟಿಯಾಗಿ ಹೇಳಿದಳು: "ಬನ್ನಿ, ಬನ್ನಿ."

ಹೊತ್ತವರು ನಿಂತರು. ಮುಖ ಮುಖ ನೋಡಿಕೊಂಡರು. ಮನೆಯವರೇ ಕರೆಯುತ್ತಿದ್ದಾರಲ್ಲ ಎಂದು ಪೆಟ್ಟಿಗೆ ತಿರುಗಿಸಿ ಮತ್ತೆ ಮೆಟ್ಟಿಲು ಹತ್ತತೊಡಗಿದರು.

"ಅಯ್ಯೋ, ಹಾಗಲ್ರಪ್ಪಾ..." ಎಂದ ಚಿಕ್ಕಪ್ಪ ನಗು ತಡೆಯಲಾರದೆ ಕಂಬ ಹಿಡಿದುಕೊಂಡರು.

"ಬರಲಿ ಬಿಡಿ ಚಿಕ್ಕಪ್ಪ," ಎಂದಳು ಮಗಳು. ಅಳುತ್ತಿದ್ದವಳು ನಗುತ್ತಿದ್ದಳು.

ಅಪ್ಪ ಮೊದಲ ಸಲ ಮುಂಬಾಗಿಲಿನಿಂದ ಒಳಗೆ ಬಂದ. ಬಾಗಿಲು ಕಾಯುವ ಮುದುಕ ಟೋಪಿ ತೆಗೆದು ಬಾಗಿದ. ಆಮೇಲೆ ಅಭ್ಯಾಸಬಲದಿಂದ, ಅತಿಥಿಯ ಸಾಮಾನು ಇಸಿದುಕೊಳ್ಳಲು ಕೈ ಚಾಚಿದ.